ತಪ್ಪು ಪೆಟ್ರೋಲಿನದು, ಬೈಗುಳ ಕಾರ್ಬುರೇಟರಿಗೆ

ಕಳೆ ಸವರುವ ಆಳುಗಳು ಸಿಗದ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಈಗ ವೀಡ್ ಕಟ್ಟರ್ ಇಲ್ಲದೆ ಮಳೆಗಾಲ ಕಳೆಯುವುದಿಲ್ಲ. ಆದರೆ ಅದು ದುಡಿಯುವುದು ವರ್ಷದ ಕೆಲವೇ ವಾರ. ಮಿಕ್ಕ ದಿನ ಕೊಟ್ಟಿಗೆಯ ಮೊಳೆಗೆ ನೇತಾಡುತ್ತದೆ. ಮಳೆ ಹಿಡಿದ ಮೇಲೆ ಇಳಿಸಿ ಹಗ್ಗ ಎಳೆದರೆ ಸದ್ದಿಲ್ಲ. ಆಗ ಬರುವ ತೀರ್ಪು ಒಂದೇ: ‘ಕಾರ್ಬುರೇಟರ್ ಹೋಗಿದೆ.’ ಹೊಸದು ಹಾಕಿಸಿದರೂ ಸ್ವಲ್ಪ ದಿನಕ್ಕೆ ಅದೇ ರಾಗ. ಏಕೆಂದರೆ ರೋಗ ಹೆಚ್ಚಾಗಿ ಇರುವುದು ಕಾರ್ಬುರೇಟರಿನಲ್ಲಲ್ಲ, ಅದರೊಳಗೆ ಹೋಗುವ ಪೆಟ್ರೋಲಿನಲ್ಲಿ ಮತ್ತು ಅದು ಬರುವ ದಾರಿಯಲ್ಲಿ.

ನಂಬಿಕೆ: ಹಗ್ಗ ಎಳೆದರೂ ಸ್ಟಾರ್ಟ್ ಆಗದಿದ್ದರೆ ಕಾರ್ಬುರೇಟರ್ ಬಿಚ್ಚಬೇಕು.

ಸತ್ಯ: ಮೊದಲು ಬಿಚ್ಚಬೇಕಾದದ್ದು ಪ್ಲಗ್. ನಾಲ್ಕಾರು ಸಲ ಹಗ್ಗ ಎಳೆದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ ಎಂದರ್ಥ. ಟ್ಯಾಂಕಿನೊಳಗಿನ ಫಿಲ್ಟರ್, ಪೈಪು, ಆಮೇಲೆ ಕಾರ್ಬುರೇಟರ್ ನೋಡಿ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ. ಕಿಡಿ ಇಲ್ಲ, ಇಲ್ಲವೇ ಚೋಕ್ ಹಾಕಿಕೊಂಡೇ ಎಳೆದು ಓವರ್‌ಫ್ಲೋ ಆಗಿದೆ. ಓವರ್‌ಫ್ಲೋ ಆಗಿದ್ದರೆ ಪ್ಲಗ್ ತೆಗೆದು, ಸ್ವಿಚ್ ಆಫ್ ಮಾಡಿ, ಚೋಕ್ ಬಿಟ್ಟು ಕೆಲವು ಸಲ ಹಗ್ಗ ಎಳೆದು ಒಣಗಿಸಿದರೆ ಸಾಕು.

ನಂಬಿಕೆ: ಕಳೆದ ಸೀಸನ್ನಿನ ಪೆಟ್ರೋಲ್ ಮುಚ್ಚಿದ ಕ್ಯಾನಿನಲ್ಲಿತ್ತು, ಕೆಟ್ಟಿರುವುದಿಲ್ಲ.

ಸತ್ಯ: ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಬೇಗ ಆವಿಯಾಗುವ ಭಾಗವೇ ತಣ್ಣಗಿನ ಎಂಜಿನ್ನಿಗೆ ಮೊದಲ ಬೆಂಕಿ ಹತ್ತಿಸುವುದು. ದಿನ ಕಳೆದಂತೆ ಅದು ಹಾರಿಹೋಗುತ್ತದೆ. ಉಳಿದದ್ದು ಗಾಳಿಯೊಡನೆ ಬೆರೆತು ಅಂಟಾಗುತ್ತದೆ. ಆ ಅಂಟು ಕಾರ್ಬುರೇಟರಿನ ಕೂದಲೆಳೆಯಂಥ ರಂಧ್ರಗಳನ್ನು ಕಟ್ಟುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ಸುಮಾರು ಒಂದು ತಿಂಗಳೊಳಗೆ ಮುಗಿಸಬೇಕು. ಅಂದಂದಿಗೆ ಬೇಕಾದಷ್ಟೇ ಬೆರೆಸುವುದು ಇನ್ನೂ ಲೇಸು.

ನಂಬಿಕೆ: ಕ್ಯಾನಿನ ತಳದಲ್ಲಿ ನೀರು ಕಂಡರೆ ಅದು ಬಂಕಿನವರ ಮೋಸ.

ಸತ್ಯ: ಬಂಕಿನ ಟ್ಯಾಂಕಿಗೂ ನೀರು ಸೇರುವುದುಂಟು, ಹೊಸದಾಗಿ ತುಂಬಿಸಿದ ಪೆಟ್ರೋಲಿನಲ್ಲೇ ಎರಡು ಪದರ ಕಂಡರೆ ಖಂಡಿತ ಕೇಳಿ. ಆದರೆ ತೋಟದ ಮನೆಯಲ್ಲಿ ದಿನಗಟ್ಟಲೆ ಇಟ್ಟ ಮೇಲೆ ಕಂಡ ಪದರದ ಕಥೆ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲಿಗೆ ನೀರೆಂದರೆ ಪ್ರೀತಿ. ಮಳೆಯಲ್ಲಿ ಮುಚ್ಚಳ ತೆಗೆದಾಗ ಬಿದ್ದ ನಾಲ್ಕು ಹನಿಯನ್ನು ಅದು ಕಾಣದಂತೆ ಅಡಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ಮಾತ್ರ ಎಥೆನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಂದಿಗೆ ತಳಕ್ಕಿಳಿಯುತ್ತದೆ. ಹಾಗಾಗಿಯೇ ಒಳಗೆ ಹೋದ ನೀರಿಗಿಂತ ಕಾಣುವ ಪದರ ದಪ್ಪ.

ಅಪಾಯ ಇರುವುದು ಮುಂದೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಹೀರುವುದು ತಳದಿಂದ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಬರುವ ಆಯಿಲ್ ಬಿಟ್ಟರೆ ಬೇರೆ ಗತಿಯಿಲ್ಲ. ತಳದ ದ್ರವ ಹೀರಿಯೂ ಎಂಜಿನ್ ಹೇಗೋ ಓಡಿತು ಅನ್ನಿ, ಪಿಸ್ಟನ್ ಜಾಮ್ ಆಗುತ್ತದೆ. ಪದರ ಬಿದ್ದ ಪೆಟ್ರೋಲನ್ನು ಅಲುಗಾಡಿಸಿ ಬಳಸಬೇಡಿ. ಕುಡಿಯುವ ನೀರಿನ ಬಾಟಲಿ ಬಿಟ್ಟು, ಬಿಗಿ ಮುಚ್ಚಳದ ಪೆಟ್ರೋಲ್ ಕ್ಯಾನ್ ಇಟ್ಟುಕೊಳ್ಳಿ.

ನಂಬಿಕೆ: ಆಯಿಲ್ ಹೆಚ್ಚು ಬಿದ್ದಷ್ಟೂ ಎಂಜಿನ್ನಿಗೆ ಒಳ್ಳೆಯದು.

ಸತ್ಯ: ಜೆಟ್ಟಿನಲ್ಲಿ ಹಾದುಹೋಗುವ ದ್ರವದಲ್ಲಿ ಆಯಿಲ್ ಹೆಚ್ಚಾದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಹೊಗೆ, ಮಸಿ ಹಿಡಿದ ಪ್ಲಗ್, ಸೈಲೆನ್ಸರಿನ ಜಾಲರಿಯಲ್ಲಿ ಇಂಗಾಲ, ಇವೆಲ್ಲ ಅದರ ಬಳುವಳಿ. ಜಾಲರಿ ಕಟ್ಟಿದ ಮೆಷಿನ್ ಸ್ಲೋದಲ್ಲಿ ಚೆನ್ನಾಗಿ ಓಡಿ, ಹುಲ್ಲಿಗೆ ಹಿಡಿದ ಕೂಡಲೇ ಮುಗ್ಗರಿಸುತ್ತದೆ. ಆಗಲೂ ಬೈಸಿಕೊಳ್ಳುವುದು ಕಾರ್ಬುರೇಟರ್! 1:50 ಎಂದರೆ ಲೀಟರಿಗೆ 20 ಮಿಲಿ, 1:25 ಎಂದರೆ 40 ಮಿಲಿ. ನಿಮ್ಮ ಮೆಷಿನ್ನಿಗೆ ಯಾವುದು ಎಂಬುದನ್ನು ಅದರ ಕೈಪಿಡಿ ಹೇಳುತ್ತದೆ. ಮುಚ್ಚಳದ ಅಂದಾಜು ಬೇಡ, ಅಳತೆ ಪಾತ್ರೆ ಇರಲಿ. ಹೊಂಡಾ ಜಿಎಕ್ಸ್35ರಂಥ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲಿಗೆ ಬೇರೆ ಜಾಗವಿದೆ, ಪೆಟ್ರೋಲಿಗೆ ಒಂದು ಹನಿಯೂ ಬೆರೆಸಬಾರದು.

ನಂಬಿಕೆ: ಹತ್ತು ನಿಮಿಷ ಓಡಿ ನಿಂತರೆ ಕಾರ್ಬುರೇಟರಿನಲ್ಲಿ ಕಸ ಕೂತಿದೆ.

ಸತ್ಯ: ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಮೆಲ್ಲಗೆ ಸಡಿಲಿಸಿ. ‘ಫುಸ್’ ಎಂದು ಗಾಳಿ ಒಳನುಗ್ಗಿ, ಆಮೇಲೆ ಮೆಷಿನ್ ಸ್ಟಾರ್ಟ್ ಆದರೆ ಗಾಳಿಕಿಂಡಿ ಕಟ್ಟಿದೆ, ಅಷ್ಟೆ. ಪೆಟ್ರೋಲ್ ಖಾಲಿಯಾದಂತೆ ಒಳಗೆ ಗಾಳಿ ಬರದಿದ್ದರೆ ಪೆಟ್ರೋಲ್ ಹೊರಬರಲು ಒಪ್ಪುವುದಿಲ್ಲ. ಬಿಸಿಯಾದ ಮೇಲೂ ಚೋಕ್ ಹಾಕಿದರೆ ಮಾತ್ರ ಓಡುವುದಾದರೆ ಲೆಕ್ಕ ಬೇರೆ: ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲೋ ಹೆಚ್ಚುವರಿ ಗಾಳಿ ಸೇರುತ್ತಿದೆ. ಫಿಲ್ಟರ್, ಬಿರುಕುಬಿಟ್ಟ ಪೈಪು, ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ಪ್ಯಾಕಿಂಗ್ ಪರೀಕ್ಷಿಸಿ.

ನಂಬಿಕೆ: ಸ್ಕ್ರೂ ತಿರುಗಿಸಿ ಸದ್ದು ಜೋರಾದರೆ ರಿಪೇರಿ ಆಯಿತು.

ಸತ್ಯ: ‘ಎಲ್’ ಸ್ಕ್ರೂ ಸ್ಲೋ ಓಟಕ್ಕೆ, ‘ಎಚ್’ ಫುಲ್ ರೇಸಿಗೆ ಪೆಟ್ರೋಲ್ ಅಳೆಯುತ್ತದೆ. ಎಚ್ ಸ್ಕ್ರೂವನ್ನು ಒಳಕ್ಕೆ ಬಿಗಿಮಾಡಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಿರುಚುತ್ತದೆ. ಕೇಳಲು ಶಕ್ತಿ ಬಂದಂತೆ. ಒಳಗೆ ಆಯಿಲ್ ಕಡಿಮೆ, ಬಿಸಿ ಹೆಚ್ಚು. ಪಿಸ್ಟನ್ ಸುಡುವುದು ಹೀಗೆಯೇ. ಎಥೆನಾಲಿನಲ್ಲಿ ಆಮ್ಲಜನಕವೂ ಇರುವುದರಿಂದ ಹಳೆಯ ಪೆಟ್ರೋಲಿಗೆ ಹೊಂದಿಸಿದ ಮೆಷಿನ್ ಇ20ಯಲ್ಲಿ ಪೆಟ್ರೋಲ್ ಸಾಲದಂತೆ ವರ್ತಿಸಬಹುದು. ಆಗ ಬೇಕಾಗುವುದು ಎಚ್ ಸ್ಕ್ರೂವಿನ ಚೂರೇ ಚೂರು ಹೊರತಿರುವು, ಅದೂ ಏರ್ ಫಿಲ್ಟರ್ ತೊಳೆದ ಮೇಲೆ, ತಿಳಿದ ಮೆಕ್ಯಾನಿಕ್ ಕೈಯಿಂದ.

ನಂಬಿಕೆ: ದುಬಾರಿ ಪೆಟ್ರೋಲ್ ಹಾಕಿದರೆ ಕಾರ್ಬುರೇಟರ್ ತಾನೇ ಶುದ್ಧವಾಗುತ್ತದೆ.

ಸತ್ಯ: ಹೆಚ್ಚು ಆಕ್ಟೇನ್ ಎಂದರೆ ಸಿಲಿಂಡರಿನೊಳಗೆ ಅಕಾಲದಲ್ಲಿ ಹತ್ತಿಕೊಳ್ಳದ ಗುಣ, ಶಕ್ತಿಯೂ ಅಲ್ಲ, ಶುದ್ಧಿಯೂ ಅಲ್ಲ. ಒಣಗಿ ಗಟ್ಟಿಯಾದ ಅಂಟು ಅದರಿಂದ ಕರಗುವುದಿಲ್ಲ.

ನಂಬಿಕೆ: ಸೂಜಿ, ತಂತಿ ತೂರಿಸಿದರೆ ಜೆಟ್ ಬಿಟ್ಟುಕೊಳ್ಳುತ್ತದೆ.

ಸತ್ಯ: ಜೆಟ್ ಹಿತ್ತಾಳೆಯದು, ಉಕ್ಕಿನ ತಂತಿ ಅದನ್ನು ಕೆರೆದು ರಂಧ್ರ ದೊಡ್ಡದು ಮಾಡುತ್ತದೆ, ಮತ್ತೆ ಅಳತೆ ಕೂಡುವುದಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಸಾಕು, ಆದರೆ ರಬ್ಬರಿನ ಭಾಗಗಳನ್ನು ತೆಗೆದಿಟ್ಟು. ಮೆಷಿನ್ ಹೇಗೆ ವಾಲಿಸಿದರೂ ಓಡಬೇಕಾದ್ದರಿಂದ ಈ ಕಾರ್ಬುರೇಟರಿನಲ್ಲಿ ಬೈಕಿನ ಹಾಗೆ ಫ್ಲೋಟ್ ಇಲ್ಲ. ತೆಳು ಡಯಾಫ್ರಮ್‌ಗಳು ಪೆಟ್ರೋಲ್ ಎತ್ತಿ ಅಳೆದು ಕೊಡುತ್ತವೆ. ಅವು ಸೆಟೆದು ಮೃದುತ್ವ ಕಳೆದುಕೊಂಡಿದ್ದರೆ ಎಷ್ಟು ತೊಳೆದರೂ ವ್ಯರ್ಥ. ಆಗಲೂ ಇಡೀ ಕಾರ್ಬುರೇಟರ್ ಬೇಕಿಲ್ಲ. ಡಯಾಫ್ರಮ್, ಪ್ಯಾಕಿಂಗ್ ಇರುವ ರಿಪೇರಿ ಕಿಟ್ ಪ್ರತ್ಯೇಕವಾಗಿ ಸಿಗುತ್ತದೆ.

ಇದಕ್ಕೂ ಆಸ್ಪದ ಕೊಡಬಾರದೆಂದರೆ ಸೀಸನ್ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಮೆಷಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೂ ಸ್ಲೋದಲ್ಲಿ ಬಿಡಿ. ಹತ್ತು ನಿಮಿಷವೂ ಹಿಡಿಯದ ಈ ಕೆಲಸವನ್ನು ತಪ್ಪಿಸಿದವರೇ ಮುಂದಿನ ಮಳೆಗಾಲದಲ್ಲಿ ಮೆಕ್ಯಾನಿಕ್ ಅಂಗಡಿಯಲ್ಲಿ ಸರದಿ ಕಾಯುವುದು.