27 ಸುತ್ತು ಸ್ಯಾಕ್ಸೊಫೋನ್, ಎದ್ದು ನಿಂತ 7 ಸಾವಿರ ಜನ: ಜಾಝ್‌ನಲ್ಲಿ ಹಾಡಿನ ನಡುವೆಯೇ ಚಪ್ಪಾಳೆ ಯಾಕೆ?

ನಮ್ಮ ಜಿಲ್ಲೆಗೆ ಸ್ಯಾಕ್ಸೊಫೋನ್ ಹೊಸ ವಾದ್ಯ ಏನಲ್ಲ. ಮದುವೆ ಹಾಲ್‌ನಲ್ಲೂ ಉಂಟು, ದೇವಸ್ಥಾನದ ಉತ್ಸವದಲ್ಲೂ ಉಂಟು. ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ತಂದು ಕೂರಿಸಿದ ಕದ್ರಿ ಗೋಪಾಲನಾಥ್ ಇದೇ ಬಂಟ್ವಾಳ ತಾಲೂಕಿನ ಸಜೀಪಮೂಡದವರು. ಆದರೆ ಈ ವಾದ್ಯಕ್ಕೆ ಪ್ರಪಂಚದಲ್ಲಿ ದೊಡ್ಡ ಹೆಸರು ತಂದುಕೊಟ್ಟಿದ್ದು ಅಮೆರಿಕದ ಜಾಝ್. ಮೊಬೈಲ್‌ನಲ್ಲಿ ಜಾಝ್ ಕಛೇರಿಯ ವಿಡಿಯೊ ನೋಡಿದವರಿಗೆ ಒಂದು ವಿಷಯ ವಿಚಿತ್ರ ಅನಿಸಿರಬಹುದು. ಹಾಡು ಇನ್ನೂ ಮುಗಿದೇ ಇರೋದಿಲ್ಲ, ಜನ ಚಪ್ಪಾಳೆ ತಟ್ಟುತ್ತಾರೆ, ಕೂಗುತ್ತಾರೆ. ನುಡಿಸುವವರಿಗೆ ಅದರಿಂದ ಬೇಜಾರೂ ಇಲ್ಲ.

ಅದು ಅಲ್ಲಿನ ಪದ್ಧತಿ. ಜಾಝ್‌ನಲ್ಲಿ ಮೊದಲು ಎಲ್ಲರೂ ಸೇರಿ ಒಂದು ರಾಗದ ಎಳೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದು, ಬರೆದಿಟ್ಟದ್ದನ್ನು ಬಿಟ್ಟು ಅಲ್ಲೇ ಹೊಳೆದದ್ದನ್ನು ನುಡಿಸುತ್ತಾರೆ. ಇದಕ್ಕೆ ಸೋಲೊ ಅಂತ ಹೆಸರು. ಒಬ್ಬರ ಸೋಲೊ ಮುಗಿದಾಗ ಚಪ್ಪಾಳೆ, ಇನ್ನೊಬ್ಬರದ್ದು ಮುಗಿದಾಗ ಮತ್ತೆ ಚಪ್ಪಾಳೆ. ನಮ್ಮಲ್ಲಿ ಮೃದಂಗದ ತನಿ ಆವರ್ತನ ಮುಗಿದಾಗ ಸಭೆ ಚಪ್ಪಾಳೆ ತಟ್ಟೋದಿಲ್ವಾ, ಹಾಗೆಯೇ. ವ್ಯತ್ಯಾಸ ಏನಂದ್ರೆ, ಅಲ್ಲಿ ಜನರ ಕೂಗು ಕೇಳಿಸಿಕೊಂಡು ನುಡಿಸುವವನು ಸೋಲೊವನ್ನು ಇನ್ನಷ್ಟು ಉದ್ದ ಮಾಡಬಹುದು. ಅಂದರೆ ಕೇಳುವವರ ಕೈಯಲ್ಲೂ ಸ್ವಲ್ಪ ಲಗಾಮು ಇರುತ್ತದೆ.

ಅದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಜಾಝ್ ಲೋಕ ಇವತ್ತಿಗೂ ಹೇಳುವ ಉದಾಹರಣೆ 1956ರ ಜುಲೈ 7ರ ರಾತ್ರಿಯದ್ದು. ಜಾಗ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್. ಶ್ರೀಮಂತರು ಬೇಸಿಗೆ ಕಳೆಯಲು ಬರುವ ಸಮುದ್ರ ತೀರದ ಊರು ಅದು. ಅಲ್ಲಿ 1954ರಿಂದ ಜಾಝ್ ಉತ್ಸವ ನಡೆಯುತ್ತಿತ್ತು.

ಆ ರಾತ್ರಿಯ ಕೊನೆಯ ತಂಡ ಡ್ಯೂಕ್ ಎಲಿಂಗ್ಟನ್ ಅವರದ್ದು. 1899ರಲ್ಲಿ ಹುಟ್ಟಿದ ಡ್ಯೂಕ್‌ಗೆ ಆಗ 57 ವರ್ಷ. ಪಿಯಾನೊ ನುಡಿಸುವವರು, ಅದಕ್ಕಿಂತ ಹೆಚ್ಚಾಗಿ ಸಂಗೀತ ರಚಿಸುವವರು. 1920 ಮತ್ತು 30ರ ದಶಕಗಳಲ್ಲಿ ಅವರ ಹೆಸರು ಅಮೆರಿಕದಲ್ಲೆಲ್ಲ ಮನೆಮಾತು. ಆದರೆ 1950ರ ಹೊತ್ತಿಗೆ ಕಾಲ ತಿರುಗಿತ್ತು. ಟಿವಿ ಬಂತು, ರಾಕ್ ಆ್ಯಂಡ್ ರೋಲ್ ಬಂತು. ಹದಿನೈದು ಜನರ ತಂಡವನ್ನು ಊರೂರಿಗೆ ಕರೆದುಕೊಂಡು ಹೋಗಿ ಸಂಬಳ ಕೊಡೋದು ಯಾರಿಗೂ ಗಿಟ್ಟುತ್ತಿರಲಿಲ್ಲ. ಎಷ್ಟೋ ದೊಡ್ಡ ಬ್ಯಾಂಡ್‌ಗಳು ಬಾಗಿಲು ಹಾಕಿದವು. ಡ್ಯೂಕ್ ಮಾತ್ರ ತನ್ನ ಹಳೆಯ ಹಾಡುಗಳಿಂದ ಬರುವ ರಾಯಲ್ಟಿ ಹಣ ಸುರಿದು ತಂಡ ಉಳಿಸಿಕೊಂಡಿದ್ದರು. 1955ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಒಂದು ನೀರಾಟದ ಶೋಗೆ ಹಿನ್ನೆಲೆ ಸಂಗೀತ ನುಡಿಸುವ ಮಟ್ಟಕ್ಕೂ ಇಳಿಯಬೇಕಾಯಿತು. ಒಂದು ಅಂಗಡಿಯ ಲಾಭ ತೆಗೆದು ಇನ್ನೊಂದು ಅಂಗಡಿಯ ಬಾಡಿಗೆ ಕಟ್ಟಿದವರಿಗೆ ಈ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

ನ್ಯೂಪೋರ್ಟ್‌ನಲ್ಲೂ ಶುರು ಚೆನ್ನಾಗಿರಲಿಲ್ಲ. ಸಂಜೆ ಮೊದಲ ಸಲ ವೇದಿಕೆ ಹತ್ತಿದಾಗ ತಂಡದ ಕೆಲವರು ಬಂದೇ ಇರಲಿಲ್ಲ. ಒಂದೆರಡು ಹಾಡು ನುಡಿಸಿ ಇಳಿದರು. ಮತ್ತೆ ಅವಕಾಶ ಸಿಕ್ಕಿದಾಗ ಹತ್ತಿರ ಹತ್ತಿರ ಮಧ್ಯರಾತ್ರಿ. ಜನ ಆಗಲೇ ಎದ್ದು ಮನೆ ಕಡೆ ಹೊರಟಿದ್ದರು. ಉತ್ಸವಕ್ಕಾಗಿಯೇ ರಚಿಸಿದ ಹೊಸ ಸಂಗೀತವನ್ನು ತಂಡ ಮೊದಲು ನುಡಿಸಿತು. ಮರ್ಯಾದೆಯ ಚಪ್ಪಾಳೆ ಬಿತ್ತು, ಅಷ್ಟೇ.

ಆಮೇಲೆ ಡ್ಯೂಕ್ 1937ರ ತಮ್ಮ ಹಳೆಯ ರಚನೆಯೊಂದನ್ನು ತೆಗೆದರು. ಹೆಸರು ‘ಡಿಮಿನ್ಯುಎಂಡೊ ಆ್ಯಂಡ್ ಕ್ರೆಶೆಂಡೊ ಇನ್ ಬ್ಲೂ’. ಇದರಲ್ಲಿ ಎರಡು ಭಾಗ. ನಡುವಿನ ಜಾಗವನ್ನು ತುಂಬುವ ಕೆಲಸ ಪಾಲ್ ಗೊನ್ಸಾಲ್ವೆಸ್ ಅವರದ್ದು. ತಂಡದ ಟೆನರ್ ಸ್ಯಾಕ್ಸೊಫೋನ್ ವಾದಕ. ಎಷ್ಟು ಹೊತ್ತು ಅಂತ ಲೆಕ್ಕ ಇಲ್ಲ, ನಡೆದಷ್ಟು ನಡೆಯಲಿ ಅಂತ ಬಿಟ್ಟಿದ್ದರು.

ಇಲ್ಲಿ ಸ್ವಲ್ಪ ಲೆಕ್ಕ ತಿಳಿದರೆ ಮುಂದಿನದ್ದು ಅರ್ಥ ಆಗ್ತದೆ. ಬ್ಲೂಸ್‌ನ ಒಂದು ಸುತ್ತಿಗೆ ಸಾಮಾನ್ಯವಾಗಿ 12 ಬಾರ್. ಒಂದೊಂದು ಬಾರ್‌ಗೆ 4 ಎಣಿಕೆ. ಒಟ್ಟು 48. ನಮ್ಮ ತಾಳದ ಆವರ್ತನದ ಹಾಗೆ ಅದು ತಿರುಗಿ ತಿರುಗಿ ಬರ್ತಾ ಇರುತ್ತದೆ. ಮೂರು, ನಾಲ್ಕು, ಹೆಚ್ಚೆಂದರೆ ಏಳೆಂಟು ಸುತ್ತು ನುಡಿಸಿದರೆ ಒಬ್ಬರ ಸೋಲೊ ಚೆನ್ನಾಗಿ ಉದ್ದ ಆಯಿತು ಅಂತಲೇ. ಗೊನ್ಸಾಲ್ವೆಸ್ ಅವತ್ತು ನುಡಿಸಿದ್ದು 27 ಸುತ್ತು. ಅಂದರೆ 324 ಬಾರ್, 1,296 ಎಣಿಕೆ. ಆರು ನಿಮಿಷದ ಮೇಲೆ. ಉಸಿರು ಹಾಕಿ ನುಡಿಸುವ ವಾದ್ಯ ಮಾರಾಯ್ರೆ ಅದು!

ಯಕ್ಷಗಾನದಲ್ಲಿ ಧೀಂಗಿಣ ನೋಡಿದವರಿಗೆ ಇದು ಕೂಡಲೇ ಗೊತ್ತಾಗ್ತದೆ. ವೇಷಧಾರಿ ಐದು ಧೀಂಗಿಣ ಹಾಕಿದರೆ ಜನ ಸುಮ್ಮನೆ ನೋಡ್ತಾರೆ. ಹತ್ತು ದಾಟಿದ ಮೇಲೆ ಎಣಿಸಲು ಶುರು. ಇಪ್ಪತ್ತು ದಾಟಿದರೆ ಸಿಳ್ಳೆ. ಆಮೇಲೆ ನೋಡುವುದು ನಾಟ್ಯವನ್ನಲ್ಲ, ಇವನು ಇನ್ನೆಷ್ಟು ಎಳೀತಾನೆ ಅನ್ನೋದನ್ನು. ನ್ಯೂಪೋರ್ಟ್‌ನಲ್ಲೂ ಹಾಗೆಯೇ ಆಯಿತು. ಮುಂದಿನ ಸಾಲುಗಳ ಕಡೆ ಕಪ್ಪು ಉಡುಪಿನ ಒಬ್ಬ ಹೆಂಗಸು ಎದ್ದು ಕುಣಿಯಲು ಶುರು ಮಾಡಿದರು. ಅವರನ್ನು ನೋಡಿ ಇನ್ನಷ್ಟು ಜನ ಎದ್ದರು. ಹೊರಟವರು ವಾಪಸ್ ಬಂದರು, ಕುರ್ಚಿ ಮೇಲೆ ಹತ್ತಿದರು. ಸುಮಾರು 7 ಸಾವಿರ ಜನ.

ವೇದಿಕೆಯ ಕೆಳಗೆ ಇನ್ನೊಬ್ಬರು ಇದ್ದರು, ಇವರನ್ನು ಮರೆಯಬಾರದು. ಹಿರಿಯ ಡ್ರಮ್ ವಾದಕ ಜೋ ಜೋನ್ಸ್. ಅವರು ಈ ತಂಡದವರಲ್ಲ. ಆದರೂ ಒಂದು ಪೇಪರನ್ನು ಸುರುಳಿ ಸುತ್ತಿ ವೇದಿಕೆಯ ಅಂಚಿಗೆ ಬಡಿಯುತ್ತಾ ತಾಳ ಹಾಕಿದರು. ತಂಡದವರೇ ಅದರಿಂದ ಹುರುಪು ತಗೊಂಡರು. ಶ್ರೋತೃ ಎಲ್ಲಿ ಮುಗಿದ, ವಾದಕ ಎಲ್ಲಿ ಶುರುವಾದ ಅಂತ ಗೆರೆ ಎಳೆಯೋದು ಇಲ್ಲಿ ಕಷ್ಟ.

ಉತ್ಸವದ ಆಯೋಜಕ ಜಾರ್ಜ್ ವೈನ್‌ಗೆ ಹೆದರಿಕೆಯಾಯಿತು. ಗಲಾಟೆ ಆದರೆ? ನಿಲ್ಲಿಸಿ ಅಂತ ಡ್ಯೂಕ್‌ಗೆ ಸನ್ನೆ ಮಾಡಿದರು. ಡ್ಯೂಕ್ ನಿಲ್ಲಿಸಲಿಲ್ಲ. ನನ್ನ ಪ್ರಕಾರ ಅವತ್ತಿನ ನಿಜವಾದ ಅನುಭವ ಕಂಡದ್ದು ಇಲ್ಲಿ. ಕುದಿಯುತ್ತಿರುವ ಜನರ ಎದುರು ಒಮ್ಮೆಲೇ ಲೈಟ್ ಆರಿಸಿದರೆ ಗಲಾಟೆ ಗ್ಯಾರಂಟಿ. ಡ್ಯೂಕ್ ಅದರ ಬದಲು ಜಾನಿ ಹಾಜಸ್ ಅವರನ್ನು ಮುಂದೆ ಕರೆದು ನಿಧಾನದ ಹಾಡು ನುಡಿಸಿಸಿದರು. ಹಾಲು ಉಕ್ಕುವಾಗ ಒಲೆ ಸಣ್ಣ ಮಾಡಿದ ಹಾಗೆ. ವೈನ್ ಅವರ ಹೆದರಿಕೆಯೂ ಸುಳ್ಳಲ್ಲ ಅನ್ನಿ, ನಾಲ್ಕೇ ವರ್ಷದಲ್ಲಿ, 1960ರ ಉತ್ಸವದ ಹೊತ್ತಿಗೆ, ಅದೇ ಊರಿನಲ್ಲಿ ದೊಡ್ಡ ದೊಂಬಿ ನಡೆಯಿತು.

1956ರ ಆ ರಾತ್ರಿಯ ಫಲ ಬೇಗ ಸಿಕ್ಕಿತು. ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಡ್ಯೂಕ್ ಚಿತ್ರ. ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಅವರ ಜೀವಮಾನದಲ್ಲಿ ಅತಿ ಹೆಚ್ಚು ಮಾರಾಟವಾದ ರೆಕಾರ್ಡ್. ತಂಡ ಉಳಿಯಿತು. 1963ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಭಾರತಕ್ಕೂ ಬಂದು ಕಛೇರಿ ಕೊಟ್ಟಿತು.

ಆದರೆ ಆ ರೆಕಾರ್ಡ್‌ನಲ್ಲೇ ಒಂದು ತಮಾಷೆ ಉಂಟು. ವೇದಿಕೆಯ ಮೇಲೆ ಕೊಲಂಬಿಯಾ ಕಂಪನಿಯ ಮೈಕ್ ಬೇರೆ, ವಾಯ್ಸ್ ಆಫ್ ಅಮೆರಿಕ ರೇಡಿಯೊದ ಮೈಕ್ ಬೇರೆ. ಗೊನ್ಸಾಲ್ವೆಸ್ ಹೋಗಿ ನಿಂತದ್ದು ರೇಡಿಯೊದವರ ಮೈಕಿನ ಎದುರು. ಹಾಗಾಗಿ ಕಂಪನಿಯ ಟೇಪ್‌ನಲ್ಲಿ ಆ ಸೋಲೊ ದೂರದಿಂದ ಬಂದ ಹಾಗೆ ಕೇಳುತ್ತದೆ. ಬೇರೆ ಕೆಲವು ಭಾಗಗಳನ್ನು ತಂಡ ನ್ಯೂಯಾರ್ಕ್ ಸ್ಟುಡಿಯೊದಲ್ಲಿ ಮತ್ತೆ ನುಡಿಸಿತು. ಕಂಪನಿ ಅದಕ್ಕೆ ಚಪ್ಪಾಳೆ ಅಂಟಿಸಿ, ಕಛೇರಿಯದ್ದೇ ಅನ್ನುವ ಹಾಗೆ ಮಾರಿತು. ಜನ ಅಷ್ಟು ಕೂಗಿದ ರಾತ್ರಿಗೂ ಕೃತಕ ಚಪ್ಪಾಳೆ! ರೇಡಿಯೊದ ಟೇಪ್ 1990ರ ದಶಕದಲ್ಲಿ ಸಿಕ್ಕಿತು. ಎರಡೂ ಟೇಪ್ ಜೋಡಿಸಿ ಸರಿಯಾದ ರೆಕಾರ್ಡ್ ಹೊರಬಂದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಡ್ಯೂಕ್ ಮತ್ತು ಗೊನ್ಸಾಲ್ವೆಸ್ ಇಬ್ಬರೂ ತೀರಿಹೋಗಿ 25 ವರ್ಷ. ಇಬ್ಬರೂ 1974ರ ಮೇ ತಿಂಗಳಲ್ಲೇ, ಕೆಲವೇ ದಿನಗಳ ಅಂತರದಲ್ಲಿ ಹೋದರು.

ಎಲ್ಲ ಜಾಝ್ ಕಲಾವಿದರಿಗೂ ಜನರ ಸದ್ದು ಇಷ್ಟ ಅಂತ ತಿಳ್ಕೊಬೇಡಿ. ಪಿಯಾನೊ ವಾದಕ ಕೀತ್ ಜಾರೆಟ್ ಸಭೆಯಲ್ಲಿ ಯಾರಾದರೂ ಕೆಮ್ಮಿದರೂ ನುಡಿಸೋದು ನಿಲ್ಲಿಸುತ್ತಿದ್ದರು. 2007ರಲ್ಲಿ ಇಟಲಿಯ ಪೆರುಜಾದಲ್ಲಿ ಫೋಟೊ ತೆಗೆಯುವವರ ಮೇಲೆ ವೇದಿಕೆಯಿಂದಲೇ ರೇಗಿದರು. ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಇನ್ನೂ ಒಂದು ಹೆಜ್ಜೆ ಮುಂದೆ. 1960ರಲ್ಲಿ ಖಾಲಿ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡುವಾಗ, ಎದುರಿಗೆ ಕ್ಲಬ್ಬಿನ ಗಿರಾಕಿಗಳು ಇದ್ದಾರೆ ಅನ್ನುವ ಹಾಗೆ ಮೈಕಿನಲ್ಲಿ ಮಾತಾಡಿದರು. ಚಪ್ಪಾಳೆ ಬೇಡ, ಗ್ಲಾಸಿನಲ್ಲಿ ಐಸ್ ಅಲ್ಲಾಡಿಸೋದು ಬೇಡ, ಗಲ್ಲಾಪೆಟ್ಟಿಗೆಯ ಸದ್ದೂ ಬೇಡ ಅಂತ.

ನಮ್ಮ ಕದ್ರಿಯವರ ಕಥೆಯಲ್ಲೂ ಒಬ್ಬ ಶ್ರೋತೃ ಇದ್ದಾನೆ. 1980ರಲ್ಲಿ ಬಾಂಬೆಯ ಜಾಝ್ ಉತ್ಸವದಲ್ಲಿ ಅವರು ನುಡಿಸುವಾಗ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಕೇಳುತ್ತಿದ್ದರು. ಕೇಳಿದವರು ಚಪ್ಪಾಳೆ ತಟ್ಟಿ ಸುಮ್ಮನೆ ಕೂರಲಿಲ್ಲ, ನಾನೂ ನಿಮ್ಮ ಜೊತೆ ವೇದಿಕೆಗೆ ಬರಬಹುದಾ ಅಂತ ಕೇಳಿದರು. ಅಲ್ಲಿಂದ ಕದ್ರಿಯವರಿಗೆ ಜಾಝ್‌ನವರ ಜೊತೆ ಜುಗಲ್‌ಬಂದಿಯ ದಾರಿ ತೆರೆಯಿತು.

ನ್ಯೂಪೋರ್ಟ್‌ನ ಆ 27 ಸುತ್ತು ಕೇಳಬೇಕು ಅಂತ ಅನಿಸಿದವರು 1999ರ ಆವೃತ್ತಿಯನ್ನೇ ಹುಡುಕಿ. ಇಯರ್‌ಫೋನ್ ಹಾಕಿಕೊಳ್ಳಿ. ಸ್ಯಾಕ್ಸೊಫೋನನ್ನು ಬಿಟ್ಟು ಹಿಂದಿನ ಜನರ ಸದ್ದನ್ನು ಗಮನಿಸಿ, ಮೊದಲು ಅಲ್ಲೊಂದು ಇಲ್ಲೊಂದು ಕೂಗು, ಆಮೇಲೆ ಅಲೆ ಬಂದ ಹಾಗೆ.