ಸಂಚಯಕ ಕೋಶಗಳಲ್ಲಿ ಸೀಸ–ಆಂಟಿಮೊನಿ ಮಿಶ್ರಲೋಹ

ಸೀಸವು ಬಹು ಮೃದುವಾದ ಲೋಹ. ಉಗುರಿನಿಂದ ಗೀಚಿದರೆ ಅದರ ಮೇಲೆ ಗೆರೆ ಮೂಡುವುದು. ತೆಳುವಾದ ತಗಡನ್ನು ಒಂದು ಅಂಚಿನಲ್ಲಿ ಹಿಡಿದೆತ್ತಿದರೆ ತನ್ನ ಭಾರಕ್ಕೆ ತಾನೇ ಬಾಗುವುದು. ಇಂತಹ ಲೋಹದಿಂದ, ಮೋಟಾರು ಗಾಡಿಯ ಕುಲುಕಾಟವನ್ನೂ ವರ್ಷಗಟ್ಟಲೆ ಗಂಧಕಾಮ್ಲದ ಸಹವಾಸವನ್ನೂ ತಾಳಿಕೊಳ್ಳತಕ್ಕ ಜಾಲರಿಯನ್ನು ಮಾಡುವುದು ಹೇಗೆ? ವಿದ್ಯುತ್ಸಂಚಯಕ ಕೋಶದ, ಎಂದರೆ ವಾಡಿಕೆಯಲ್ಲಿ ಬ್ಯಾಟರಿಯೆಂದು ಕರೆಯುವ ಉಪಕರಣದ, ಚರಿತ್ರೆಯಲ್ಲಿ ಇದು ಮುಖ್ಯವಾದ ಪ್ರಶ್ನೆಗಳಲ್ಲೊಂದು. ಇದಕ್ಕೆ ೧೮೮೧ರಲ್ಲಿ ದೊರೆತ ಉತ್ತರ ಆಂಟಿಮೊನಿ. ಆ ಉತ್ತರವು ಒಂದು ಕೊರತೆಯನ್ನು ನೀಗಿಸಿ ಮತ್ತೊಂದನ್ನು ತಂದೊಡ್ಡಿತು. ಗುಣವೂ ದೋಷವೂ ಒಂದೇ ಧಾತುವಿನಲ್ಲಿ ಹೇಗೆ ಅಡಗಿವೆ, ಅವೆರಡನ್ನೂ ತೂಗಿ ಅದರ ಪ್ರಮಾಣವನ್ನು ಹೇಗೆ ನಿರ್ಣಯಿಸಬೇಕು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬುವನು ೧೮೫೯ರಲ್ಲಿ ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಗುಲದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಕೂಡಿಡಬಹುದೆಂದು ತೋರಿಸಿದನು. ಆದರೆ ತಗಡಿನ ಮೇಲ್ಮೈ ಮಾತ್ರವೇ ಕಾರ್ಯಕ್ಕೆ ಒದಗುತ್ತಿದ್ದುದರಿಂದ ಆ ಕೋಶದ ಧಾರಣಶಕ್ತಿಯು ಅಲ್ಪವಾಗಿತ್ತು; ಅದನ್ನು ಹೆಚ್ಚಿಸಲು ಅನೇಕ ಸಲ ವಿದ್ಯುತ್ತನ್ನು ತುಂಬಿ ತೆಗೆಯಬೇಕಾಗುತ್ತಿತ್ತು. ೧೮೮೧ರಲ್ಲಿ ಕಾಮಿಲ್ ಫೋರ್ ಎಂಬುವನು ಸಿಂಧೂರವನ್ನು ಗಂಧಕಾಮ್ಲದಲ್ಲಿ ಕಲಸಿ ತಗಡಿಗೆ ಲೇಪಿಸುವ ಕ್ರಮವನ್ನು ಪ್ರಚಾರಕ್ಕೆ ತಂದನು. ಧಾರಣಶಕ್ತಿಯು ಬಹಳ ಹೆಚ್ಚಿತು. ಆದರೆ ನಯವಾದ ತಗಡಿನ ಮೇಲೆ ಲೇಪವು ನಿಲ್ಲದೆ ಉದುರಿಹೋಗುತ್ತಿತ್ತು. ಅದೇ ವರ್ಷ ಫೋಲ್ಕ್‌ಮಾರ್ ಎಂಬುವನು ತಗಡಿಗೆ ಬದಲಾಗಿ ಜಾಲರಿಯನ್ನು ಮಾಡಿ ಅದರ ಕಂಡಿಗಳಲ್ಲಿ ಲೇಪವನ್ನು ತುಂಬಿದನು. ಜಾಲರಿಯ ಎಳೆಗಳು ಸಣ್ಣವು. ಶುದ್ಧ ಸೀಸದಿಂದ ಮಾಡಿದರೆ ಕೈ ತಗುಲಿದರೂ ಸೊಟ್ಟಗಾಗುವುವು. ಸೆಲನ್ ಎಂಬುವನು ಸೀಸಕ್ಕೆ ಆಂಟಿಮೊನಿಯನ್ನು ಬೆರೆಸಿ ಈ ತೊಂದರೆಯನ್ನು ಆ ವರ್ಷವೇ ಪರಿಹರಿಸಿದನು.

ಆಂಟಿಮೊನಿಯು ಬೆಳ್ಳಿಯ ಹೊಳಪುಳ್ಳ, ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುವ ಧಾತು. ಕಣ್ಣಿಗೆ ಹಚ್ಚುವ ಸುರ್ಮಕ್ಕಾಗಿ ಹಿಂದೆ ಅರೆಯುತ್ತಿದ್ದ ಖನಿಜಗಳಲ್ಲಿ ಒಂದು ಇದರ ಗಂಧಕ ಸಂಯುಕ್ತವೇ. ಕನ್ನಡ ಪುಸ್ತಕಗಳನ್ನು ಬಹುಕಾಲ ಅಚ್ಚುಮಾಡಿದ ಮೊಳೆಗಳು ಸಹ ಸೀಸ, ಆಂಟಿಮೊನಿ, ತವರಗಳ ಮಿಶ್ರಣವೇ ಆಗಿದ್ದುವು. ಅಕ್ಷರದ ಸಣ್ಣ ಕೊಂಬು, ಒತ್ತುಗಳು ಅಚ್ಚಿನಲ್ಲಿ ಸ್ಪಷ್ಟವಾಗಿ ಮೂಡಲು ಯಾವ ಗುಣವು ಬೇಕೋ, ಜಾಲರಿಯ ಸಣ್ಣ ಎಳೆಗಳು ಪೂರ್ಣವಾಗಿ ಎರಕಗೊಳ್ಳಲು ಅದೇ ಗುಣವು ಬೇಕು.

ಈ ಗುಣದ ಮೂಲವನ್ನು ನೋಡೋಣ. ಶುದ್ಧ ಸೀಸವು ಸುಮಾರು ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಆಂಟಿಮೊನಿಯು ಸುಮಾರು ೬೩೧ ಡಿಗ್ರಿಯಲ್ಲಿಯೂ ಕರಗುವುವು. ಎರಡನ್ನೂ ಬೆರೆಸಿದಾಗ ಕರಗುವ ಉಷ್ಣತೆಯು ಇಳಿಯುತ್ತ ಬಂದು, ಆಂಟಿಮೊನಿಯು ತೂಕದಲ್ಲಿ ಶೇಕಡ ೧೧ರಷ್ಟಾದಾಗ ಸುಮಾರು ೨೫೨ ಡಿಗ್ರಿಯಲ್ಲಿ ನಿಲ್ಲುವುದು. ಇದಕ್ಕಿಂತ ಕಡಮೆ ಉಷ್ಣತೆಯಲ್ಲಿ ಕರಗುವ ಮಿಶ್ರಣವು ಈ ಜೋಡಿಯಲ್ಲಿಲ್ಲ. ಇದಕ್ಕೆ ಯೂಟೆಕ್ಟಿಕ್ ಎಂದು ಹೆಸರು. ಆದುದರಿಂದ ಆಂಟಿಮೊನಿಯುಳ್ಳ ಸೀಸವು ಅಚ್ಚಿನ ಮೂಲೆಮೂಲೆಗೂ ಸುಲಭವಾಗಿ ಹರಿಯುವುದು. ಇನ್ನು ಗಡಸುತನದ ವಿಚಾರ. ಆ ೨೫೨ ಡಿಗ್ರಿಯಲ್ಲಿ ಘನರೂಪದ ಸೀಸವು ಶೇಕಡ ೩.೫ರಷ್ಟು ಆಂಟಿಮೊನಿಯನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ತಣ್ಣಗಾದ ಮೇಲೆ ಶೇಕಡ ಅರ್ಧದಷ್ಟನ್ನೂ ಹಿಡಿದಿಡಲಾರದು. ಬಿಸಿ ಪಾಕದಲ್ಲಿ ಕರಗಿದ್ದ ಸಕ್ಕರೆಯು ಆರಿದಾಗ ಹರಳಾಗಿ ಬೇರ್ಪಡುವಂತೆ, ಮಿಗಿಲಾದ ಆಂಟಿಮೊನಿಯು ಸೂಕ್ಷ್ಮ ಕಣಗಳಾಗಿ ಸೀಸದೊಳಗೇ ಬೇರ್ಪಡುವುದು. ಲೋಹವು ಬಾಗುವುದೆಂದರೆ ಅದರ ಸ್ಫಟಿಕಗಳಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಈ ಕಣಗಳು ಆ ಜಾರುವಿಕೆಗೆ ಅಡ್ಡಬರುವುವು. ಈ ಕ್ರಿಯೆಯು ಎರಕವಾದ ಕೂಡಲೆ ಮುಗಿಯದೆ ಹಲವು ದಿನ ನಡೆಯುವುದು. ಹೊಸದಾಗಿ ಎರೆದ ಜಾಲರಿಗಳನ್ನು ಕೆಲವು ಕಾಲ ಹಾಗೆಯೇ ಇಟ್ಟು, ಗಡಸಾದ ಬಳಿಕ ಲೇಪ ತುಂಬುವುದಕ್ಕೆ ಇದೇ ಕಾರಣ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಾಲರಿಗಳಲ್ಲಿ ಶೇಕಡ ೫ರಿಂದ ೧೨ರವರೆಗೆ ಆಂಟಿಮೊನಿಯನ್ನು ಬೆರೆಸುವುದು ರೂಢಿಯಾಗಿತ್ತು. ಎರಕವೂ ಬಲವೂ ತೃಪ್ತಿಕರವಾಗಿದ್ದುವು. ದೋಷವು ಕಾಣಿಸಿಕೊಂಡುದು ರಾಸಾಯನಿಕ ಕ್ರಿಯೆಯಲ್ಲಿ.

ಈ ಕೋಶದ ಧನಫಲಕದಲ್ಲಿ ಸೀಸದ ಡೈಆಕ್ಸೈಡೂ ಋಣಫಲಕದಲ್ಲಿ ಹಂಜಿಯಂತೆ ಸಡಿಲವಾದ ಸೀಸವೂ ಇರುತ್ತವೆ. ವಿದ್ಯುತ್ತನ್ನು ಕೊಡುವಾಗ ಎರಡೂ ಸೀಸದ ಸಲ್ಫೇಟಾಗಿ ಮಾರ್ಪಡುವುವು. ಫಲಕಗಳ ನಡುವಣ ವಿದ್ಯುದ್ಬಲವು ಸುಮಾರು ೨ ವೋಲ್ಟು. ನೀರು ಜಲಜನಕ ಆಮ್ಲಜನಕಗಳಾಗಿ ಒಡೆಯಲು ಸಿದ್ಧಾಂತದಂತೆ ೧.೨೩ ವೋಲ್ಟು ಸಾಕು. ಹೀಗಿರಲು ಕೋಶದೊಳಗಿನ ನೀರು ಒಡನೆಯೇ ಒಡೆದುಹೋಗಬೇಕಷ್ಟೆ? ಹಾಗಾಗದಿರುವುದಕ್ಕೆ ಕಾರಣ, ಸೀಸದ ಮೇಲೆ ಜಲಜನಕವು ಹೊರಡಲು ಬಹಳ ಹಿಂಜರಿಯುವುದು. ಧನಫಲಕದ ಮೇಲೆ ಆಮ್ಲಜನಕವೂ ಸುಲಭವಾಗಿ ಹೊರಡದು. ಈ ಹಿಂಜರಿಕೆಯೇ ಸೀಸದ ಕೋಶದ ಜೀವಾಳ.

ಆಂಟಿಮೊನಿಯು ಕೆಡಿಸುವುದು ಇದನ್ನೇ. ವಿದ್ಯುತ್ತನ್ನು ತುಂಬುವಾಗಲೆಲ್ಲ ಧನಫಲಕದ ಜಾಲರಿಯು ಸ್ವಲ್ಪಸ್ವಲ್ಪವಾಗಿ ಸವೆಯುವುದು. ಅದರೊಳಗಿನ ಆಂಟಿಮೊನಿಯು ಆಮ್ಲದಲ್ಲಿ ಕರಗಿ, ಋಣಫಲಕವನ್ನು ಸೇರಿ, ಅಲ್ಲಿ ಮರಳಿ ಲೋಹವಾಗಿ ಕೂರುವುದು. ಸೀಸದ ಮೇಲೆ ಹಿಂಜರಿಯುತ್ತಿದ್ದ ಜಲಜನಕವು ಆಂಟಿಮೊನಿಯ ಮೇಲೆ ಸುಲಭವಾಗಿ ಹೊರಡುವುದು. ಪರಿಣಾಮವು ಮೂರು ಬಗೆ: ಸುಮ್ಮನೆ ಇಟ್ಟ ಬ್ಯಾಟರಿಯು ತಾನಾಗಿಯೇ ಬರಿದಾಗುವುದು, ತುಂಬುವಾಗ ನೀರು ಹೆಚ್ಚಾಗಿ ಒಡೆದು, ಮತ್ತೆ ಮತ್ತೆ ಶುದ್ಧಜಲವನ್ನು ಸೇರಿಸಬೇಕಾಗುವುದು, ಮಿತಿಮೀರಿ ತುಂಬಿದರೆ ಆಂಟಿಮೊನಿಯು ಜಲಜನಕದೊಡನೆ ಕೂಡಿ ಸ್ಟಿಬೀನ್ ಎಂಬ ವಿಷಾನಿಲವಾಗಿ ಹೊರಬೀಳುವುದು. ಬ್ಯಾಟರಿಗಳಿರುವ ಕೊಠಡಿಗೆ ಗಾಳಿಯ ಸಂಚಾರವು ಅವಶ್ಯವೆನ್ನುವುದಕ್ಕೆ ಜಲಜನಕದ ಸ್ಫೋಟಭಯದೊಡನೆ ಇದೂ ಒಂದು ಕಾರಣ. ಬ್ಯಾಟರಿಗೆ ವಯಸ್ಸಾದಂತೆಲ್ಲ ಋಣಫಲಕದಲ್ಲಿ ಆಂಟಿಮೊನಿಯು ಕೂಡುತ್ತ ಹೋಗುವುದರಿಂದ ಈ ದೋಷಗಳೂ ಬೆಳೆಯುತ್ತ ಹೋಗುವುವು.

ಹಾಗಾದರೆ ಆಂಟಿಮೊನಿಯನ್ನು ಪೂರ್ತಿಯಾಗಿ ಬಿಟ್ಟುಬಿಡಬಾರದೇಕೆ? ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಹೇರಿಂಗ್ ಮತ್ತು ಥಾಮಸ್ ಎಂಬ ವಿದ್ವಾಂಸರು ೧೯೩೫ರಲ್ಲಿ ಈ ಮಾರ್ಗವನ್ನು ತೋರಿಸಿದರು. ಸೀಸಕ್ಕೆ ಶೇಕಡ ಒಂದರ ಹತ್ತನೆಯ ಒಂದು ಭಾಗದಷ್ಟು ಕ್ಯಾಲ್ಸಿಯಂ ಬೆರೆಸಿದರೂ ಗಡಸುತನವು ದೊರೆಯುವುದು. ಋಣಫಲಕಕ್ಕೆ ವಿಷವು ಸೇರದು. ದೂರವಾಣಿ ಕೇಂದ್ರದ ಬ್ಯಾಟರಿಗಳು ಸದಾ ತುಂಬಿಯೇ ಇದ್ದು, ವಿದ್ಯುತ್ತು ನಿಂತಾಗ ಮಾತ್ರ ಕೆಲಸಕ್ಕೆ ಬರತಕ್ಕವು. ಅವಕ್ಕೆ ಈ ಮಿಶ್ರಲೋಹವು ಚೆನ್ನಾಗಿ ಒಪ್ಪಿತು. ಆದರೆ ದಿನವೂ ತುಂಬಿ ದಿನವೂ ಬರಿದುಮಾಡುವ ಕೆಲಸಕ್ಕೆ ಹಚ್ಚಿದಾಗ ಇಂತಹ ಬ್ಯಾಟರಿಗಳು ಅಕಾಲದಲ್ಲಿ ಶಕ್ತಿಗುಂದಿದುವು. ಜಾಲರಿಗೂ ಲೇಪಕ್ಕೂ ನಡುವೆ ವಿದ್ಯುತ್ತು ಸರಾಗವಾಗಿ ಹರಿಯದ ಪೊರೆಯು ಬೆಳೆಯುತ್ತಿತ್ತು. ಲೇಪದ ಕಣಗಳು ಪರಸ್ಪರ ಹಿಡಿತವನ್ನು ಕಳೆದುಕೊಳ್ಳುತ್ತಿದ್ದುವು. ಜಾಲರಿಗೆ ಬಲವನ್ನು ಕೊಡುತ್ತಿದ್ದ ಆಂಟಿಮೊನಿಯೇ ಧನಫಲಕದ ಲೇಪವನ್ನೂ ಒಗ್ಗೂಡಿಸುತ್ತಿತ್ತೆಂಬುದು, ಅದನ್ನು ತೆಗೆದ ಮೇಲೆ ಬೆಳಕಿಗೆ ಬಂದಿತು. ಕ್ಯಾಲ್ಸಿಯಂ ಸೀಸಕ್ಕೆ ತವರವನ್ನು ಸೇರಿಸಿ ಈ ಕುಂದನ್ನು ಬಹುಮಟ್ಟಿಗೆ ತಗ್ಗಿಸಲಾಗಿದೆ.

ಮತ್ತೊಂದು ದಾರಿಯು ಆಂಟಿಮೊನಿಯನ್ನು ಶೇಕಡ ೧.೫ರಿಂದ ೩ರವರೆಗೆ ಇಳಿಸುವುದು. ಆದರೆ ಶೇಕಡ ೩.೫ಕ್ಕಿಂತ ಕಡಮೆಯಾದಾಗ ಎರಕದಲ್ಲಿ ತೊಡಕು ಹುಟ್ಟುವುದು. ಸ್ಫಟಿಕಗಳು ಒರಟಾಗಿ ಬೆಳೆಯುವುವು. ಕೊನೆಗೆ ಗಟ್ಟಿಯಾಗಬೇಕಾದ ಯೂಟೆಕ್ಟಿಕ್ ದ್ರವವು ಅವುಗಳ ಸಂದುಗಳನ್ನು ತುಂಬುವಷ್ಟು ಉಳಿದಿರದು. ಜಾಲರಿಯು ಅಚ್ಚಿನಲ್ಲಿಯೇ ಬಿರಿಯುವುದು. ಶೇಕಡ ಒಂದರ ನೂರನೆಯ ಕೆಲವು ಭಾಗಗಳಷ್ಟು ಸೆಲೆನಿಯಂ ಬೆರೆಸಿದರೆ, ಅದರಿಂದಾದ ಸೂಕ್ಷ್ಮ ಕಣಗಳ ಸುತ್ತ ಅಸಂಖ್ಯಾತ ಸಣ್ಣ ಸ್ಫಟಿಕಗಳು ಹುಟ್ಟಿ ಬಿರುಕು ತಪ್ಪುವುದು. ಗಂಧಕ, ತಾಮ್ರಗಳಿಂದಲೂ ಇದೇ ಉಪಕಾರವುಂಟು. ಆರ್ಸೆನಿಕ್ಕು ಗಡಸಾಗುವಿಕೆಯನ್ನು ತ್ವರೆಗೊಳಿಸುವುದು. ತವರವು ದ್ರವದ ಹರಿವನ್ನು ಹೆಚ್ಚಿಸುವುದು. ಮನೆಗಳ ಇನ್ವರ್ಟರುಗಳಿಗೆ ಜೋಡಿಸುವ ಕೊಳವೆ ಫಲಕದ ಬ್ಯಾಟರಿಗಳಲ್ಲಿ ಇಂತಹ ಮಿಶ್ರಲೋಹವೇ ಹೆಚ್ಚಾಗಿರುವುದು. ಅವಕ್ಕೆ ಆಗಾಗ ಶುದ್ಧಜಲವನ್ನು ಎರೆಯಬೇಕಾಗುವುದರಲ್ಲಿ, ಉಳಿದಿರುವ ಅಲ್ಪ ಆಂಟಿಮೊನಿಯ ಪಾಲೂ ಇದೆ.

ಈ ಎರಡು ಜಾತಿಯ ಸೀಸವೂ ಬಳಕೆಯಲ್ಲಿರುವುದರಿಂದ ಹಳೆಯ ಬ್ಯಾಟರಿಗಳನ್ನು ಕರಗಿಸುವೆಡೆಯಲ್ಲಿ ವಿಶೇಷವಾದ ಅಪಾಯವಿದೆ. ಆಂಟಿಮೊನಿಯೂ ಆರ್ಸೆನಿಕ್ಕೂ ಇರುವ ಸೀಸಕ್ಕೆ ಕ್ಯಾಲ್ಸಿಯಂ ಸೀಸವು ಬೆರೆತರೆ, ಅವು ಪರಸ್ಪರ ಕೂಡಿ ಕಿಟ್ಟವಾಗಿ ಮೇಲೆ ತೇಲುವುವು. ಎರಡರ ಉಪಯೋಗವೂ ನಷ್ಟವಾಗುವುದು. ಅಷ್ಟೇ ಅಲ್ಲದೆ ಆ ಕಿಟ್ಟಕ್ಕೆ ನೀರು ಅಥವಾ ತೇವವು ತಗುಲಿದರೆ ಸ್ಟಿಬೀನೂ, ಅದರಂತೆಯೇ ಪ್ರಾಣಾಂತಿಕವಾದ ಆರ್ಸೀನೂ ಹೊರಡುವುವು. ಕರಗಿಸುವಾಗ ಏಳುವ ಸೀಸದ ಹೊಗೆ ಧೂಳುಗಳಂತೂ ಕೆಲಸಗಾರರಿಗೂ ನೆರೆಯ ಮಕ್ಕಳಿಗೂ ನಿಧಾನವಿಷ. ಭಾರತದಲ್ಲಿ ೨೦೦೧ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ ೨೦೨೨ರ ನಿಯಮಗಳೂ ಹಳೆಯ ಬ್ಯಾಟರಿಗಳನ್ನು ಅಧಿಕೃತ ಮಾರ್ಗದಲ್ಲಿ ಹಿಂದಿರುಗಿಸಬೇಕೆಂದು ವಿಧಿಸಿರುವುದರ ಔಚಿತ್ಯವು ಇದರಿಂದ ವ್ಯಕ್ತವಾಗುವುದು.

ಒಟ್ಟಿನಲ್ಲಿ ಹೇಳುವುದಾದರೆ, ಎಲ್ಲ ಕಾರ್ಯಗಳಿಗೂ ಒಪ್ಪುವ ಒಂದೇ ಮಿಶ್ರಲೋಹವಿಲ್ಲ. ಸದಾ ತುಂಬಿಯೇ ಇರುವ ಬ್ಯಾಟರಿಗೆ ಕ್ಯಾಲ್ಸಿಯಂ ಸೀಸವು ತಕ್ಕದ್ದು. ಆಳವಾಗಿ ಬರಿದಾಗಿ ಮತ್ತೆ ತುಂಬಬೇಕಾದ ಬ್ಯಾಟರಿಗೆ ಅಲ್ಪ ಆಂಟಿಮೊನಿಯ ಸೀಸವು ತಕ್ಕದ್ದು. ಫಲಕಗಳನ್ನು ಜೋಡಿಸುವ ಪಟ್ಟಿ, ಹೊರಗಿನ ಮೊಳೆ ಮುಂತಾದ ಭಾಗಗಳಿಗೆ ಆಂಟಿಮೊನಿಯ ಬಲವು ಈಗಲೂ ಬೇಕಾಗಿದೆ. ಆಂಟಿಮೊನಿಯನ್ನು ಎಷ್ಟು ಬೆರೆಸಬೇಕೆಂಬುದನ್ನು ಎರಕದ ಅನುಕೂಲವೊಂದರಿಂದಲೇ ನಿರ್ಣಯಿಸದೆ, ಬ್ಯಾಟರಿಯು ಮಾಡಬೇಕಾದ ಕೆಲಸವನ್ನೂ ಅದು ಕೊನೆಗೆ ಸೇರುವ ಕುಲುಮೆಯನ್ನೂ ಮನಸ್ಸಿನಲ್ಲಿಟ್ಟು ನಿರ್ಣಯಿಸತಕ್ಕದ್ದು.