ಕಮ್ಮಿಯಾದ್ರೂ ಕಾಯಿಲೆ, ಜಾಸ್ತಿಯಾದ್ರೂ ಕಾಯಿಲೆ: ಒಂದು ಜೀನ್‌ಗಾಗಿ 16 ವರ್ಷ ಹುಡುಕಿದ ಹುದಾ ಜೋಗ್ಬಿ

2008ರ ಅಕ್ಟೋಬರ್. ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಪಿಟ್ಸ್‌ಬರ್ಗ್‌ನಲ್ಲಿ ಒಂದು ಭಾಷಣ ಮಾಡಿದರು. ವಿಷಯ, ವಿಶೇಷ ಅಗತ್ಯವುಳ್ಳ ಮಕ್ಕಳು. ಸರ್ಕಾರದ ದುಡ್ಡು ಎಲ್ಲೆಲ್ಲೋ ಪೋಲಾಗ್ತಿದೆ ಅನ್ನೋದಕ್ಕೆ ಅವರು ಕೊಟ್ಟ ಉದಾಹರಣೆ: ಪ್ಯಾರಿಸ್‌ನಲ್ಲಿ ನಡೆಯುವ ಹಣ್ಣಿನ ನೊಣದ ಸಂಶೋಧನೆ. ಅವರು ಹೇಳಿದ ಆ ಅನುದಾನ ಆಲಿವ್ ಬೆಳೆ ಹಾಳುಮಾಡುವ ನೊಣಕ್ಕೆ ಸಂಬಂಧಿಸಿದ್ದು, ಪ್ರಯೋಗಾಲಯದ ನೊಣಕ್ಕಲ್ಲ. ಅದು ಬೇರೆ ಮಾತು. ಆದರೆ ಆ ಧಾಟಿ ನಮಗೂ ಗೊತ್ತಿರೋದೇ. ನೊಣದ ಮೇಲೆ ಸಂಶೋಧನೆ ಮಾಡಿದ್ರೆ ಮಕ್ಕಳಿಗೇನು ಉಪಯೋಗ?

ಅದೇ ದೇಶದ ಹ್ಯೂಸ್ಟನ್‌ನಲ್ಲಿ ಒಬ್ಬ ಮಕ್ಕಳ ನರರೋಗ ವೈದ್ಯೆ ಈ ಪ್ರಶ್ನೆಗೆ ಅಷ್ಟು ಹೊತ್ತಿಗಾಗಲೇ ಉತ್ತರ ಕೊಟ್ಟಾಗಿತ್ತು. ಹೆಸರು ಹುದಾ ಜೋಗ್ಬಿ. ಅವರು ಅಮೆರಿಕಕ್ಕೆ ಬಂದದ್ದು ವಿಜ್ಞಾನ ಮಾಡೋಕಲ್ಲ, ಯುದ್ಧ ತಪ್ಪಿಸಿಕೊಳ್ಳೋಕೆ.

ಹುದಾ ಹುಟ್ಟಿದ್ದು 1954ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. ಓದಬೇಕೆಂದಿದ್ದು ಸಾಹಿತ್ಯ. ವೈದ್ಯಕೀಯದ ಕಡೆ ತಳ್ಳಿದ್ದು ಅಮ್ಮ. 1975ರಲ್ಲಿ ಅಮೆರಿಕನ್ ಯೂನಿವರ್ಸಿಟಿ ಆಫ್ ಬೈರೂತ್‌ನಲ್ಲಿ ಮೆಡಿಕಲ್ ಸೇರಿದರು. ಅದೇ ವರ್ಷ ಅಂತರ್ಯುದ್ಧ ಶುರುವಾಯ್ತು. ತಮ್ಮನಿಗೆ ಶೆಲ್ಲಿನ ಚೂರು ತಗುಲಿ ಗಾಯವಾದ ಮೇಲೆ ಹೆತ್ತವರು ಮಕ್ಕಳನ್ನು ಟೆಕ್ಸಾಸ್‌ಗೆ ಕಳಿಸಿದರು. ಬೇಸಿಗೆ ಕಳೆದು ವಾಪಸ್ ಬರೋದು ಅಂತ ಲೆಕ್ಕ. ಬರೋಕೆ ಆಗಲಿಲ್ಲ. ಹೊಸ ದೇಶದಲ್ಲಿ ಕಾಲೇಜುಗಳ ಪ್ರವೇಶ ಮುಗಿದಿತ್ತು. ಸೀಟು ಕೊಟ್ಟಿದ್ದು ನ್ಯಾಶ್‌ವಿಲ್‌ನ ಮೆಹ್ಯಾರಿ ಮೆಡಿಕಲ್ ಕಾಲೇಜು. ಬಿಳಿಯರ ಕಾಲೇಜುಗಳು ಕಪ್ಪು ಜನರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ, 1876ರಲ್ಲಿ, ಕಪ್ಪು ವೈದ್ಯರನ್ನು ತಯಾರು ಮಾಡೋಕೆ ಹುಟ್ಟಿದ ಸಂಸ್ಥೆ ಅದು. ಹೊರಗಿಟ್ಟವರಿಗಾಗಿ ಕಟ್ಟಿದ ಕಾಲೇಜು ಯುದ್ಧದಿಂದ ಓಡಿಬಂದ ಅರಬ್ ಹುಡುಗಿಗೆ ಜಾಗ ಕೊಟ್ಟಿತು. ಪ್ರಶಸ್ತಿ ಸುದ್ದಿಗಳಲ್ಲಿ ಇದು ಒಂದು ಸಾಲಲ್ಲಿ ಮುಗಿದುಹೋಗುತ್ತೆ. ನನಗೇನೋ ಇದು ದೊಡ್ಡ ವಿಷಯ ಅನ್ಸುತ್ತೆ.

ಅಲ್ಲಿಂದ ಹ್ಯೂಸ್ಟನ್‌ನ ಬೇಲರ್ ಕಾಲೇಜ್ ಆಫ್ ಮೆಡಿಸಿನ್. 1983ರಲ್ಲಿ ಅವರ ಮುಂದೆ ಸುಮಾರು ಐದು ವರ್ಷದ ಒಬ್ಬ ಹುಡುಗಿ ಬಂದಳು. ಮೊದಲು ಎಲ್ಲ ಮಕ್ಕಳಂತೆ ಬೆಳೆದವಳು. ಆಮೇಲೆ ಕಲಿತ ಮಾತು ಮರೆಯಿತು, ಕೈಯಲ್ಲಿ ವಸ್ತು ಹಿಡಿಯೋದು ನಿಂತುಹೋಯ್ತು, ನಡಿಗೆ ಕೆಟ್ಟಿತು. ಬಟ್ಟೆ ಹಿಂಡಿದ ಹಾಗೆ ಎರಡೂ ಕೈಗಳನ್ನು ಸದಾ ಹೊಸೆಯುತ್ತಿದ್ದಳು. ಈ ಲಕ್ಷಣಗಳನ್ನು ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲೇ ಜರ್ಮನ್‌ನಲ್ಲಿ ಬರೆದಿದ್ದರು. ಹೆಚ್ಚಿನವರು ಓದಿರಲಿಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ಬಗ್ಗೆ ಇಂಗ್ಲಿಷ್‌ನಲ್ಲಿ ಪ್ರಕಟಿಸಿದಾಗಲೇ ಲೋಕಕ್ಕೆ ಗೊತ್ತಾಗಿದ್ದು. ಹುದಾ ಮೊದಲ ಹುಡುಗಿಯನ್ನು ನೋಡಿದ ಕೆಲವೇ ದಿನಗಳಲ್ಲಿ ಇನ್ನೊಬ್ಬಳನ್ನು ನೋಡಿದರು. ಆಸ್ಪತ್ರೆಯ ಹಳೆಯ ಫೈಲುಗಳನ್ನು ತೆಗೆದರೆ ಬೇರೆ ಬೇರೆ ಹೆಸರಿನ ಕಾಯಿಲೆಗಳ ಕೆಳಗೆ ಇನ್ನೂ ಕೆಲವರು ಸಿಕ್ಕರು.

ಎಲ್ಲರೂ ಹುಡುಗಿಯರೇ. ಲಕ್ಷಣಗಳೂ ಹೆಚ್ಚು ಕಮ್ಮಿ ಒಂದೇ. ಇದು ಜೀನ್‌ನಲ್ಲಿರೋ ದೋಷವೇ ಅಂತ ಹುದಾಗೆ ಅನ್ನಿಸ್ತು. ಬಹಳ ಜನ ನಂಬಲಿಲ್ಲ, ಅವರ ಅನುಮಾನಕ್ಕೆ ಕಾರಣವೂ ಇತ್ತು. ಆ ಕಾಲದಲ್ಲಿ ಕಾಯಿಲೆಯ ಜೀನ್ ಹುಡುಕೋ ದಾರಿ ಅಂದ್ರೆ ಕುಟುಂಬ. ಅಜ್ಜ, ಅಪ್ಪ, ಮಗ, ಮೊಮ್ಮಗಳು, ಯಾರಿಗೆ ಕಾಯಿಲೆ ಇದೆ ಯಾರಿಗಿಲ್ಲ ನೋಡಿ, ಇರುವವರೆಲ್ಲರಲ್ಲೂ ಕ್ರೋಮೋಸೋಮಿನ ಯಾವ ತುಣುಕು ಸಮಾನವಾಗಿದೆ ಅಂತ ಗುರುತಿಸಬೇಕು. ರೆಟ್ ಕಾಯಿಲೆಯಲ್ಲಿ ಕುಟುಂಬವೇ ಇಲ್ಲ. ನೂರಕ್ಕೆ 99ಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಮನೆಗೆ ಒಬ್ಬಳೇ ರೋಗಿ. ಇಂಥ ಪ್ರಶ್ನೆ ಹಿಡಿದುಕೊಂಡು ಹೊಸ ವಿಜ್ಞಾನಿ ಅನುದಾನ ಕೇಳೋದು ಕಷ್ಟ.

ಹುದಾ ಮಾಡಿದ್ದು ಜಾಣತನದ ಕೆಲಸ. ಆರ್ಥರ್ ಬಾಡೆಟ್ ಅವರ ಲ್ಯಾಬ್‌ನಲ್ಲಿ ತಳಿವಿಜ್ಞಾನ ಕಲಿಯೋಕೆ ಕೂತರು, ಸಿಗಬಹುದಾದ ಇನ್ನೊಂದು ಜೀನ್ ಕೈಗೆತ್ತಿಕೊಂಡರು, ರೆಟ್ ಅನ್ನು ಪಕ್ಕದಲ್ಲೇ ಇಟ್ಟುಕೊಂಡರು. ಆ ಇನ್ನೊಂದು ಕಾಯಿಲೆ ಸ್ಪೈನೋಸೆರಿಬೆಲ್ಲರ್ ಅಟಾಕ್ಸಿಯಾ 1. ಇದು ತಲೆತಲಾಂತರವಾಗಿ ಬರುತ್ತೆ. ನಡುವಯಸ್ಸಿನಲ್ಲಿ ನಡಿಗೆ ತೂರಾಡೋಕೆ ಶುರು, ಆಮೇಲೆ ಮಾತು ತೊದಲು, ಕೊನೆಗೆ ನುಂಗೋದೂ ಕಷ್ಟ. ನಮ್ಮಲ್ಲಿ ಇಂಥವರನ್ನು ಕುಡುಕರು ಅಂತ ಜರಿಯೋರೂ ಇದ್ದಾರೆ, ಮನೆತನಕ್ಕೆ ಶಾಪ ಅನ್ನೋರೂ ಇದ್ದಾರೆ. ಮಿನ್ನೆಸೋಟದ ಹ್ಯಾರಿ ಓರ್ ಕೂಡ ಇದನ್ನೇ ಹುಡುಕುತ್ತಿದ್ದರು. ಇಬ್ಬರೂ ಪೈಪೋಟಿ ಬಿಟ್ಟು ಕೈಜೋಡಿಸಿದರು. 1993ರ ಏಪ್ರಿಲ್ 8ರಂದು, ಒಂದೇ ದಿನ, ಎರಡೂ ಲ್ಯಾಬ್‌ಗಳಿಗೆ ಉತ್ತರ ಸಿಕ್ತು. ಜೀನ್‌ನಲ್ಲಿ ಸಿ-ಎ-ಜಿ ಅನ್ನೋ ಮೂರಕ್ಷರ ಹತ್ತಾರು ಸಲ ಸಾಲಾಗಿ ಬರುತ್ತೆ. ಅದು ಸುಮಾರು 40ರ ಗಡಿ ದಾಟಿದರೆ ಕಾಯಿಲೆ. ತಲೆಮಾರು ಇಳಿದಂತೆ ಸಾಲು ಉದ್ದವಾಗಬಹುದು, ಆಗ ಮಗನಿಗೆ ಅಪ್ಪನಿಗಿಂತ ಚಿಕ್ಕ ವಯಸ್ಸಲ್ಲೇ ಶುರು. ಇವತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಟಾಕ್ಸಿಯಾ ಇರುವ ಕುಟುಂಬಗಳಿಗೆ ಜೀನ್ ಪರೀಕ್ಷೆ ಮಾಡುವಾಗ ಎಣಿಸೋದು ಇಂಥ ಸಾಲುಗಳನ್ನೇ.

ಈಗ ನೊಣಕ್ಕೆ ಬರೋಣ. ಬಾಳೆಹಣ್ಣು ಕಪ್ಪಾದಾಗ ಮೇಲೆ ಹಾರಾಡುತ್ತಲ್ಲ, ಆ ಪುಟ್ಟ ನೊಣ. ಅದರಲ್ಲಿ ಏಟೋನಲ್ ಅನ್ನೋ ಜೀನ್ ಇದೆ. ಅದಿಲ್ಲದಿದ್ದರೆ ನೊಣಕ್ಕೆ ಕಂಪನ, ಶಬ್ದ, ತನ್ನ ಕಾಲಿನ ಚಲನೆ ಗ್ರಹಿಸೋ ಅಂಗಗಳೇ ಬೆಳೆಯಲ್ಲ. ಸಮತೋಲನದ ಕಾಯಿಲೆಯ ಬೆನ್ನು ಹತ್ತಿದ್ದ ಹುದಾ ಮತ್ತು ಸಂಗಡಿಗರು ಇದರ ಜೋಡಿಯನ್ನು ಇಲಿಯಲ್ಲಿ ಹುಡುಕಿದರು. ಅದನ್ನು ತೆಗೆದುಹಾಕಿದ ಇಲಿಮರಿಗಳಲ್ಲಿ ಸೆರಿಬೆಲ್ಲಮ್‌ನ ಗ್ರಾನ್ಯೂಲ್ ನರಕೋಶಗಳು ಹುಟ್ಟಲೇ ಇಲ್ಲ. ಮಿದುಳಿನಲ್ಲಿ ಸಂಖ್ಯೆಯಲ್ಲಿ ಅತಿ ಹೆಚ್ಚಿರುವ ನರಕೋಶಗಳೇ ಅವು. ಇದು 1997ರ ಮಾತು. ಎರಡು ವರ್ಷದ ನಂತರ ಗೊತ್ತಾಯ್ತು, ಒಳಕಿವಿಯಲ್ಲಿ ಶಬ್ದ ಹಿಡಿಯುವ ಕೂದಲು ಕೋಶಗಳಿಗೂ ಇದೇ ಜೀನ್ ಬೇಕು. ಆ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಉಸಿರಾಡಲಾಗದೆ ಸಾಯುತ್ತಿದ್ದವು. ಕಾರಣ ಹುಡುಕುತ್ತಾ ಹೋದರೆ, ಉಸಿರಾಟದ ಲಯ ನಡೆಸುವ ನರಕೋಶಗಳಲ್ಲೂ ಅದರ ಪಾತ್ರ ಸಿಕ್ತು. ಕಿವುಡು, ಸಮತೋಲನ, ಉಸಿರು, ಎಲ್ಲದಕ್ಕೂ ಕೊಂಡಿ ಸಿಕ್ಕಿದ್ದು ನೊಣದ ಕಾಲಿನಿಂದ. ಅನುದಾನದ ಅರ್ಜಿಯಲ್ಲಿ ಇದನ್ನು ಮೊದಲೇ ಬರೆಯೋಕೆ ಯಾರಿಂದ ಆಗ್ತಿತ್ತು ಹೇಳಿ?

ರೆಟ್ ಮಾತ್ರ ಸಿಕ್ಕಿರಲಿಲ್ಲ. ಹುಡುಗಿಯರಲ್ಲೇ ಕಾಣುವುದರಿಂದ ಎಕ್ಸ್ ಕ್ರೋಮೋಸೋಮ್ ಮೇಲೆ ಅನುಮಾನ. ಒಂದಕ್ಕಿಂತ ಹೆಚ್ಚು ರೋಗಿಗಳಿದ್ದ ಬೆರಳೆಣಿಕೆಯ ಕುಟುಂಬಗಳ ನೆರವಿನಿಂದ ಆ ಕ್ರೋಮೋಸೋಮಿನ ತುದಿಯ ಒಂದು ಭಾಗಕ್ಕೆ ಹುಡುಕಾಟ ಇಳಿಯಿತು. ಆಮೇಲೆ ಅಲ್ಲಿದ್ದ ಜೀನ್‌ಗಳನ್ನು ಒಂದೊಂದಾಗಿ ಓದಿ, ಅಲ್ಲ ಅಂತ ಬದಿಗಿಡುವ ಕೆಲಸ. ಬೇಸರದ ಕೆಲಸ. 1999ರಲ್ಲಿ ಲ್ಯಾಬ್‌ನ ರೂತಿ ಆಮಿರ್ ಕಂಡುಹಿಡಿದರು: ಎಂಇಸಿಪಿ2. ಮೊದಲ ಹುಡುಗಿಯನ್ನು ನೋಡಿ 16 ವರ್ಷ ಆಗಿತ್ತು.

ಈ ಜೀನ್ ತಯಾರಿಸುವ ಪ್ರೋಟೀನ್ ಆಗಲೇ ಗೊತ್ತಿದ್ದದ್ದೇ. ಎಡಿನ್‌ಬರೋದ ಏಡ್ರಿಯನ್ ಬರ್ಡ್ 1992ರಲ್ಲೇ ಅದನ್ನು ಕಂಡುಹಿಡಿದಿದ್ದರು, ರೆಟ್ ಬಗ್ಗೆ ಯಾವ ಯೋಚನೆಯೂ ಇಲ್ಲದೆ. ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ರಾಸಾಯನಿಕ ಗುರುತುಗಳಿರುತ್ತವೆ, ಆ ಗುರುತುಗಳನ್ನು ಈ ಪ್ರೋಟೀನ್ ಹಿಡಿದುಕೊಂಡು ಬೇರೆ ಸಾವಿರಾರು ಜೀನ್‌ಗಳ ದನಿಯನ್ನು ಹೆಚ್ಚು ಕಮ್ಮಿ ಮಾಡುತ್ತೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ರೆಟ್‌ಗೆ ಕಾರಣವಾಗುವ ಬದಲಾವಣೆ ಬಹುಪಾಲು ಹುಟ್ಟುವುದು ತಂದೆಯ ವೀರ್ಯಾಣುವಿನಲ್ಲಿ, ಡಿಎನ್‌ಎ ನಕಲಾಗುವಾಗ ಆಗುವ ಆಕಸ್ಮಿಕ ತಪ್ಪಿನಿಂದ. ತಂದೆಯ ಎಕ್ಸ್ ಹೋಗುವುದು ಮಗಳಿಗೆ, ಮಗನಿಗಲ್ಲ. ರೋಗಿಗಳೆಲ್ಲ ಹೆಚ್ಚುಕಮ್ಮಿ ಹುಡುಗಿಯರೇ ಆಗಿರೋದಕ್ಕೆ ಇದೂ ಒಂದು ಕಾರಣ. ಇದರಲ್ಲಿ ಅಪ್ಪನ ತಪ್ಪೂ ಇಲ್ಲ. ಆದರೆ ಮಗುವಿಗೆ ಏನಾದ್ರೂ ಆದ್ರೆ ಬಸುರಿಯಲ್ಲಿ ಏನು ತಿಂದೆ, ಎಲ್ಲಿ ಓಡಾಡಿದೆ ಅಂತ ಅಮ್ಮನನ್ನೇ ಕಟಕಟೆಗೆ ನಿಲ್ಲಿಸುವ ನಮ್ಮ ಮನೆಗಳಿಗೆ ಈ ಒಂದು ಸಾಲು ಗೊತ್ತಿರಬೇಕು.

ಜೀನ್ ಸಿಕ್ಕ ಮೇಲೆ ಕಥೆ ಇನ್ನೂ ಬಿಗಿಯಾಯ್ತು. ಇಂಜಿನಿಯರಿಂಗ್ ಓದಿದವರಿಗೆ ಟ್ರಾನ್ಸಿಸ್ಟರ್ ಬಯಾಸಿಂಗ್ ನೆನಪಿರಬಹುದು. ವೋಲ್ಟೇಜ್ ಕಮ್ಮಿಯಾದರೆ ಆಂಪ್ಲಿಫೈಯರ್ ಸಿಗ್ನಲ್ಲನ್ನು ಒಂದು ಕಡೆ ಕತ್ತರಿಸುತ್ತೆ, ಜಾಸ್ತಿಯಾದರೆ ಇನ್ನೊಂದು ಕಡೆ. ಮಿದುಳಿನಲ್ಲಿ ಈ ಪ್ರೋಟೀನಿನದ್ದೂ ಅದೇ ಕಥೆ. 2004ರಲ್ಲಿ ಹುದಾ ಲ್ಯಾಬ್‌ನವರು ಇದನ್ನು ದುಪ್ಪಟ್ಟು ತಯಾರಿಸುವ ಇಲಿಗಳನ್ನು ಮಾಡಿದರು. ಅವೂ ಕಾಯಿಲೆ ಬಿದ್ದವು. ಮರುವರ್ಷ ಬೆಲ್ಜಿಯಂನ ಸಂಶೋಧಕರು ಈ ಜೀನ್ ಎರಡೆರಡು ಸಲ ಇರುವ ಹುಡುಗರನ್ನು ಗುರುತಿಸಿದರು. ತೀವ್ರ ಬುದ್ಧಿಮಾಂದ್ಯ, ಮೇಲಿಂದ ಮೇಲೆ ಸೋಂಕು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಇತ್ತು. ಹೊಸದೊಂದು ಕಾಯಿಲೆಗೆ ಹೆಸರು ಬಂತು.

2007ರಲ್ಲಿ ಏಡ್ರಿಯನ್ ಬರ್ಡ್ ಬಳಗದ ಸರದಿ. ಎಂಇಸಿಪಿ2 ಆಫ್ ಆಗಿದ್ದ, ಸಾಯುವ ಹಂತದ ಇಲಿಗಳಲ್ಲಿ ಅವರು ಆ ಜೀನನ್ನು ಮತ್ತೆ ಆನ್ ಮಾಡಿದರು. ಇಲಿಗಳು ಚೇತರಿಸಿಕೊಂಡವು. ಮಿದುಳು ಬೆಳೆಯುವಾಗ ಒಮ್ಮೆ ಕೆಟ್ಟರೆ ಮುಗೀತು ಅನ್ನೋ ನಂಬಿಕೆಗೆ ದೊಡ್ಡ ಪೆಟ್ಟು ಅದು. ರೆಟ್‌ನಲ್ಲಿ ನರಕೋಶಗಳು ಸತ್ತಿರುವುದಿಲ್ಲ, ಸರಿಯಾಗಿ ಕೆಲಸ ಮಾಡ್ತಿರಲ್ಲ, ಅಷ್ಟೇ. 2015ರಲ್ಲಿ ಹುದಾ ಲ್ಯಾಬ್ ಇದರ ಉಲ್ಟಾ ಮಾಡಿ ತೋರಿಸ್ತು: ಜೀನ್ ದುಪ್ಪಟ್ಟಾಗಿದ್ದ ಇಲಿಗಳಲ್ಲಿ ಪ್ರೋಟೀನ್ ತಗ್ಗಿಸಿದಾಗ ಅವೂ ಸುಧಾರಿಸಿದವು. ಹುದಾ ಮತ್ತು ಬರ್ಡ್ 2020ರಲ್ಲಿ ಬ್ರೈನ್ ಪ್ರೈಜ್ ಹಂಚಿಕೊಂಡರು. ಅಟಾಕ್ಸಿಯಾದ ಕೆಲಸಕ್ಕೆ ಹುದಾ ಮತ್ತು ಓರ್ 2022ರ ಕಾವ್ಲಿ ಪ್ರಶಸ್ತಿ ಪಡೆದವರಲ್ಲಿದ್ದಾರೆ.

ಮಕ್ಕಳಿಗೇನು ಸಿಕ್ತು? 2023ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ರೆಟ್‌ಗೆ ಮೊದಲ ಔಷಧಿ ಟ್ರೋಫಿನೆಟೈಡ್‌ಗೆ ಒಪ್ಪಿಗೆ ಕೊಡ್ತು. ಅದು ಲಕ್ಷಣಗಳನ್ನು ಸ್ವಲ್ಪ ಹಗುರ ಮಾಡುತ್ತೆ, ಮೂಲ ದೋಷ ಸರಿಮಾಡಲ್ಲ. ವರ್ಷದ ಖರ್ಚು ಕೆಲವು ಲಕ್ಷ ಡಾಲರ್. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿ. ಜೀವಮಾನವಿಡೀ ಬೇಕಾಗುವ ಇಂಥ ಔಷಧಿಗೆ ಆ ದುಡ್ಡು ಒಂದು ವರ್ಷಕ್ಕೂ ಸಾಲದು. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ರೆಟ್ ಬರುತ್ತೆ. ನಮ್ಮ ಜನಸಂಖ್ಯೆಗೆ ಇದನ್ನು ಗುಣಿಸಿ ನೋಡಿ, ‘ಅಪರೂಪ’ ಅನ್ನೋ ಪದ ಎಷ್ಟು ಮೋಸದ್ದು ಅಂತ ಗೊತ್ತಾಗುತ್ತೆ. ಮೂಲ ಸಂಶೋಧನೆಗೆ ಸಾರ್ವಜನಿಕರ ದುಡ್ಡೂ ಹೋಗಿದೆ, ಮಕ್ಕಳ ರಕ್ತದ ಮಾದರಿ ಕೊಟ್ಟ ಕುಟುಂಬಗಳ ನಂಬಿಕೆಯೂ ಹೋಗಿದೆ. ಬೆಲೆ ಕಟ್ಟುವ ಹೊತ್ತಿಗೆ ಆ ಲೆಕ್ಕ ಯಾರೂ ತೆಗೆಯಲ್ಲ.

ಸರಿಯಾದ ಜೀನನ್ನೇ ವೈರಸ್ಸಿನಲ್ಲಿ ತುಂಬಿ ಮಿದುಳಿಗೆ ಕಳಿಸುವ ಪ್ರಯೋಗಗಳು 2023ರಿಂದ ಮನುಷ್ಯರ ಮೇಲೂ ನಡೀತಿವೆ. ತೊಡಕು ಮತ್ತೆ ಅದೇ, ಪ್ರಮಾಣ. ಹೆಣ್ಣಿನ ದೇಹದ ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಆಫ್ ಮಾಡಿಕೊಂಡಿರುತ್ತೆ, ಯಾವುದನ್ನು ಅನ್ನೋದು ಕೋಶದಿಂದ ಕೋಶಕ್ಕೆ ಬೇರೆ. ಹಾಗಾಗಿ ರೆಟ್ ಇರುವ ಹುಡುಗಿಯ ಮಿದುಳಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಆಗಲೇ ಸರಿಯಾಗಿವೆ. ವೈರಸ್ಸಿಗೆ ಯಾವ ಕೋಶ ಸರಿಯಿದೆ, ಯಾವುದು ಇಲ್ಲ ಅಂತ ಗೊತ್ತಾಗಲ್ಲ. ಸರಿಯಿದ್ದ ಕೋಶಕ್ಕೂ ಇನ್ನೊಂದು ಪ್ರತಿ ಸೇರಿಸಿದರೆ ಆ ಹುಡುಗರಿಗಿರುವ ಕಾಯಿಲೆಯನ್ನೇ ತಂದುಹಾಕಿದಂತೆ. ಅದಕ್ಕೇ ಈಗ ಪರೀಕ್ಷೆಯಲ್ಲಿರುವ ವಿನ್ಯಾಸಗಳಲ್ಲಿ ಒಂದು ಫೀಡ್‌ಬ್ಯಾಕ್ ಸರ್ಕಿಟ್ ಕೂಡ ಇಟ್ಟಿದ್ದಾರೆ. ಪ್ರೋಟೀನ್ ಹೆಚ್ಚಾಗತೊಡಗಿದರೆ ಅದು ತಾನೇ ಉತ್ಪಾದನೆ ತಗ್ಗಿಸಬೇಕು.